3600 ಎಂದು ಬರೆದವರು ಯಾರು?

2012ರ ಏಪ್ರಿಲ್ 1ರಂದು ನಮ್ಮ ದೇಶದಲ್ಲಿ ಚೆಕ್ಕಿನ ಆಯುಸ್ಸು ಅರ್ಧಕ್ಕೆ ಇಳಿಯಿತು. ಅಲ್ಲಿಯವರೆಗೆ ಬರೆದ ದಿನದಿಂದ ಆರು ತಿಂಗಳು ನಡೆಯುತ್ತಿದ್ದ ಚೆಕ್ಕು ಅಂದಿನಿಂದ ಮೂರೇ ತಿಂಗಳಿಗೆ ಹಳಸತೊಡಗಿತು. ಕೆಲವರು ಚೆಕ್ಕು, ಡ್ರಾಫ್ಟುಗಳನ್ನು ಬ್ಯಾಂಕಿಗೆ ಹಾಕದೆ ಆರು ತಿಂಗಳೂ ನೋಟಿನ ಹಾಗೆ ಕೈಯಿಂದ ಕೈಗೆ ದಾಟಿಸುತ್ತಿದ್ದಾರೆ ಎಂಬುದು ರಿಸರ್ವ್ ಬ್ಯಾಂಕ್ ಕೊಟ್ಟ ಕಾರಣ. ಚೆಕ್ಕಿನ ಕಾಗದ, ಸಹಿ, ಖಾತೆ ಎಲ್ಲವೂ ಮೊದಲಿನಂತೆಯೇ ಉಳಿದವು. ಆ ಕಾಗದ ಎಷ್ಟು ದಿನ ಹಣದಂತೆ ಓಡಾಡಬಹುದು ಎಂಬ ಒಂದು ಅಂಕಿಯನ್ನು ಮಾತ್ರ, ಕೂತು ಯೋಚಿಸಿ, ಕಾರಣ ಬರೆದು, ಕೆಳಗಿಳಿಸಿದರು.

ಅದೇ ವರ್ಷದ ಅಕ್ಟೋಬರಿನಲ್ಲಿ ಇಂಟರ್ನೆಟ್ಟಿನ ನಿಯಮಗಳನ್ನು ರೂಪಿಸುವ ಐಇಟಿಎಫ್ ಎಂಬ ತಂತ್ರಜ್ಞರ ಬಳಗ ಎರಡು ದಾಖಲೆಗಳನ್ನು ಹೊರಡಿಸಿತು: ಆರ್‌ಎಫ್‌ಸಿ 6749 ಮತ್ತು 6750. ಎರಡನೆಯದರ ಹೆಸರಿನಲ್ಲೇ ‘ಬೇರರ್ ಟೋಕನ್’ ಎಂಬ ಮಾತಿದೆ. ಬೇರರ್ ಚೆಕ್ಕಿನ ಬೇರರ್ ಅದು. ಯಾರ ಕೈಯಲ್ಲಿದೆಯೋ ಅವರೇ ಧಣಿ. ನೀವು ಫೋನಿನಲ್ಲಿ ಪಾಸ್‌ವರ್ಡೋ ಓಟಿಪಿಯೋ ಕೊಟ್ಟು ಒಂದು ಆಪ್‌ನ ಒಳಗೆ ಹೋದಿರಿ ಎನ್ನಿ. ಆಮೇಲೆ ಪ್ರತಿ ಸಲ ಬೆರಳು ಒತ್ತಿದಾಗಲೂ ಆಪ್ ನಿಮ್ಮ ಪಾಸ್‌ವರ್ಡ್ ಕೇಳುವುದಿಲ್ಲ. ಮೊದಲ ಸಲ ಸರ್ವರ್ ಕೊಟ್ಟ ಒಂದು ಉದ್ದನೆಯ ಅಕ್ಷರಸಾಲನ್ನು, ಅಂದರೆ ಟೋಕನ್ನನ್ನು, ಫೋನು ಜೇಬಿನಲ್ಲಿಟ್ಟುಕೊಂಡು ಪ್ರತಿ ಸಲವೂ ತೋರಿಸುತ್ತದೆ. ಅದನ್ನು ಕದ್ದವನು ತೋರಿಸಿದರೂ ಸರ್ವರ್ ನೀವೆಂದೇ ನಂಬುತ್ತದೆ. ಹಾಗಾಗಿ 6750 ಒಂದು ಸಲಹೆ ಕೊಡುತ್ತದೆ: ಇಂಥ ಟೋಕನ್ನಿನ ಆಯುಸ್ಸು ಒಂದು ಗಂಟೆಯೋ ಅದಕ್ಕಿಂತ ಕಡಿಮೆಯೋ ಇರಲಿ. 6749ರಲ್ಲಿ ಉದಾಹರಣೆಗೆಂದು ಬರೆದ ಅಂಕಿಯೂ 3600. ಸೆಕೆಂಡುಗಳ ಲೆಕ್ಕದಲ್ಲಿ ಒಂದು ಗಂಟೆ.

ಇಂಥ ಟೋಕನ್ ಕೊಡುವ, ಪರೀಕ್ಷಿಸುವ ಕೋಡ್ ಬರೆಯುವುದು ನನ್ನ ಹೊಟ್ಟೆಪಾಡು. ಹಲವು ತಂಡಗಳ ಕಾನ್ಫಿಗ್ ಫೈಲು, ಅಂದರೆ ಸೆಟ್ಟಿಂಗುಗಳ ಕಡತ, ತೆರೆದು ‘ಈ ಅಂಕಿ ಬರೆದವರು ಯಾರು, ಯಾಕೆ?’ ಎಂದು ಕೇಳಿದ್ದೇನೆ. ‘ಮೊದಲಿಂದಲೂ ಇದೆ ಸಾರ್’ ಎನ್ನುತ್ತಾರೆ. ಯಾವುದೋ ಪಾಠದ ಉದಾಹರಣೆಯಿಂದ ನಕಲಾಗಿ ಬಂದು, ಆಮೇಲೆ ಯಾರೂ ಮುಟ್ಟದೆ ಉಳಿದ ಅಂಕಿ. ಲಕ್ಷಾಂತರ ಜನರ ಖಾತೆಯ ಬೀಗ ಎಷ್ಟು ಹೊತ್ತು ತೆರೆದಿರಬೇಕು ಎಂದು ನಿರ್ಧರಿಸುವ ಸಾಲು ಅದು. ಆ ನಿರ್ಧಾರ ತೆಗೆದುಕೊಂಡವರೇ ಇಲ್ಲ ಎಂಬುದು ನನ್ನನ್ನು ಬಹಳ ವರ್ಷದಿಂದ ಕಾಡಿದೆ.

ಅಷ್ಟಕ್ಕೂ ಗಡುವು ಏಕೆ ಬೇಕು? ಕದ್ದದ್ದು ಗೊತ್ತಾದ ಕೂಡಲೇ ರದ್ದು ಮಾಡಿದರಾಯಿತಲ್ಲ? ಇಲ್ಲಿ ಸ್ವಲ್ಪ ಒಳಗಿಳಿದು ನೋಡಬೇಕು.

ಟೋಕನ್ನುಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಒಂದು, ಬ್ಯಾಂಕಿನ ಹಳೆಯ ಹಿತ್ತಾಳೆ ಬಿಲ್ಲೆಯಂಥದ್ದು. ಅದರ ಮೇಲೆ ಬರೀ ಒಂದು ನಂಬರು. ಅದು ಯಾರದು, ಎಷ್ಟು ಹಣ ಎಂಬುದೆಲ್ಲ ಗುಮಾಸ್ತರ ಪುಸ್ತಕದಲ್ಲಿ. ಪ್ರತಿ ಸಲ ಪುಸ್ತಕ ತೆರೆದು ನೋಡಲೇಬೇಕು. ಪುಸ್ತಕದಲ್ಲಿ ಹೊಡೆದುಹಾಕಿದರೆ ಬಿಲ್ಲೆ ಆ ಕ್ಷಣವೇ ನಿರುಪಯೋಗಿ. ಇನ್ನೊಂದು ಬಸ್ ಪಾಸಿನಂಥದ್ದು. ಹೆಸರು, ಮಾರ್ಗ, ಕೊನೆಯ ದಿನಾಂಕ ಎಲ್ಲ ಪಾಸಿನ ಮೇಲೇ ಇದೆ, ಕೆಳಗೆ ಮೊಹರಿದೆ. ಕಂಡಕ್ಟರ್ ಮೊಹರು ಮತ್ತು ದಿನಾಂಕ ನೋಡಿ ‘ಹ್ಞೂಂ’ ಅನ್ನುತ್ತಾನೆಯೇ ಹೊರತು ಡಿಪೋಗೆ ಫೋನ್ ಮಾಡಿ ವಿಚಾರಿಸುವುದಿಲ್ಲ. 2015ರ ಮೇ ತಿಂಗಳಲ್ಲಿ ಆರ್‌ಎಫ್‌ಸಿ 7519 ಆಗಿ ಪ್ರಕಟವಾದ, ‘ಜಾಟ್’ ಎಂದು ಉಚ್ಚರಿಸಿ ಎಂದು ಆ ದಾಖಲೆಯೇ ಹೇಳುವ ಜೆಡಬ್ಲ್ಯುಟಿ ಈ ಎರಡನೆಯ ಜಾತಿಗೆ ಸೇರಿದ್ದು. ಒಂದು ಆಪ್‌ನ ಹಿಂದೆ ಹತ್ತಾರು ಸರ್ವರುಗಳು ದುಡಿಯುವ ಈ ಕಾಲದಲ್ಲಿ ಪ್ರತಿಯೊಂದೂ ಪ್ರತಿ ಸಲ ಒಂದೇ ಪುಸ್ತಕದ ಮುಂದೆ ಸರದಿ ನಿಲ್ಲಬೇಕಿಲ್ಲ. ಸಹಿ ಸರಿಯಿದೆಯೇ, ಸಮಯ ಮೀರಿಲ್ಲವೇ ಎಂದು ನೋಡಿದರೆ ಸಾಕು. ಅದೇ ಅದರ ವೇಗ. ಅದೇ ಅದರ ಅಪಾಯ ಕೂಡ. ಪಾಸು ಕಳೆದುಹೋಗಿದೆ ಎಂದು ಡಿಪೋದಲ್ಲಿ ಬರೆಸಿದರೂ ದಾರಿಯಲ್ಲಿರುವ ಕಂಡಕ್ಟರಿಗೆ ಗೊತ್ತಾಗುವುದಿಲ್ಲ. ಅಂಥ ಕಡೆ ಕಳ್ಳನನ್ನು ಇಳಿಸುವುದು ಪಾಸಿನ ಮೇಲಿನ ದಿನಾಂಕ ಮಾತ್ರ.

ಮೊದಲ ಜಾತಿಯ ಬಲ ಎಂಥದ್ದೆಂದು 2018ರ ಸೆಪ್ಟೆಂಬರಿನಲ್ಲಿ ಕಂಡಿತು. ಫೇಸ್‌ಬುಕ್‌ನಲ್ಲಿ ನಮ್ಮ ಪುಟ ಬೇರೆಯವರಿಗೆ ಹೇಗೆ ಕಾಣುತ್ತದೆ ಎಂದು ನೋಡುವ ಸೌಲಭ್ಯವೊಂದರ ದೋಷದಿಂದ ಜನರ ಟೋಕನ್ನುಗಳು ಕಳ್ಳರ ಪಾಲಾದವು. ಐದು ಕೋಟಿ ಖಾತೆಗಳು ಎಂದು ಮೊದಲು ಅಂದಾಜು ಮಾಡಿದ್ದರು; ಆಮೇಲೆ ಮೂರು ಕೋಟಿ ಎಂದು ತಿಳಿಯಿತು. ಕಂಪನಿ ಸುಮಾರು ಒಂಬತ್ತು ಕೋಟಿ ಜನರ ಟೋಕನ್ನುಗಳನ್ನು ಒಮ್ಮೆಲೇ ರದ್ದು ಮಾಡಿತು. ಬೆಳಿಗ್ಗೆ ಎದ್ದು ಫೋನ್ ತೆರೆದವರಿಗೆ ಮತ್ತೆ ಪಾಸ್‌ವರ್ಡ್ ಕೇಳಿತು, ಅಷ್ಟೆ. ಎಲ್ಲರಿಗೂ ಅಂಥ ಪುಸ್ತಕ ಇಟ್ಟುಕೊಳ್ಳುವ ಶಕ್ತಿ ಇರುವುದಿಲ್ಲ. ಉಳಿದವರು ದಿನಾಂಕವನ್ನೇ ನಂಬಬೇಕು.

ಹಾಗಾದರೆ ಅಂಕಿ ಎಷ್ಟಿರಬೇಕು? ಜಗತ್ತಿನ ದೊಡ್ಡ ಅಂಗಡಿಗಳಲ್ಲೇ ಒಮ್ಮತವಿಲ್ಲ. ಕೀಕ್ಲೋಕ್ ಎಂಬ ಮುಕ್ತ ತಂತ್ರಾಂಶ ತಾನಾಗಿ ಇಡುವುದು 5 ನಿಮಿಷ. ಗೂಗಲ್‌ನ ಫೈರ್‌ಬೇಸ್ ಒಂದು ಗಂಟೆ. ಅಮೆಜಾನ್‌ನ ಕಾಗ್ನಿಟೋದಲ್ಲಿ 5 ನಿಮಿಷದಿಂದ ಒಂದು ದಿನದವರೆಗೆ ನೀವೇ ಆರಿಸಿಕೊಳ್ಳಬಹುದು. ಮೈಕ್ರೋಸಾಫ್ಟ್‌ನದು ನನಗೆ ತುಂಬ ಹಿಡಿಸಿದ ಉಪಾಯ: 60ರಿಂದ 90 ನಿಮಿಷದೊಳಗೆ ಪ್ರತಿ ಟೋಕನ್ನಿಗೂ ಬೇರೆಬೇರೆ ಆಯುಸ್ಸು ಕೊಡುತ್ತದೆ. ಬೆಳಿಗ್ಗೆ 9ಕ್ಕೆ ಆಫೀಸಿಗೆ ಬಂದು ಲಾಗಿನ್ ಆದ ಲಕ್ಷ ಜನರ ಟೋಕನ್ನುಗಳೂ ಸರಿಯಾಗಿ 10ಕ್ಕೆ ಸತ್ತರೆ, ಹೊಸದು ಕೇಳಲು ಲಕ್ಷ ಫೋನುಗಳೂ ಒಂದೇ ಉಸಿರಿಗೆ ಬಾಗಿಲು ಬಡಿಯುತ್ತವೆ. ಆಯುಸ್ಸು ಹೆಚ್ಚುಕಡಿಮೆಯಾದರೆ ನೂಕುನುಗ್ಗಲು ತಾನಾಗಿ ಹರಡಿಹೋಗುತ್ತದೆ.

ನಮ್ಮ ಬೆಂಗಳೂರಿನ ಜೆರೋಧಾ ಎಂಬ ಷೇರು ವ್ಯವಹಾರದ ಕಂಪನಿಯ ಕೈಟ್ ಕನೆಕ್ಟ್ ಇದಕ್ಕೆ ಪೂರ್ತಿ ತದ್ವಿರುದ್ಧ. ಅಲ್ಲಿನ ಟೋಕನ್ ಎಷ್ಟು ಹೊತ್ತಿಗೆ ಪಡೆದರೂ ಮರುದಿನ ಬೆಳಿಗ್ಗೆ 6ಕ್ಕೆ ಮುಗಿಯುತ್ತದೆ. ನಿಯಂತ್ರಕರ ನಿಯಮವೇ ಹಾಗೆ ಎಂದು ಕಂಪನಿಯ ಕೈಪಿಡಿ ಹೇಳುತ್ತದೆ. ಷೇರು ಮಾರುಕಟ್ಟೆ ತೆರೆಯುವುದು 9.15ಕ್ಕೆ. ಅಷ್ಟರೊಳಗೆ ಖಾತೆಯ ಒಡೆಯ ಹೊಸದಾಗಿ ಲಾಗಿನ್ ಆಗಬೇಕು. ಗಂಟೆಗಳನ್ನು ಎಣಿಸದೆ ದಿನದ ಲಯಕ್ಕೆ ಕಟ್ಟಿದ ಗಡುವು ಇದು. ಜಿಎಸ್‌ಟಿಯ ಇ-ವೇ ಬಿಲ್ ವ್ಯವಸ್ಥೆಯಲ್ಲಿ ಕಂಪ್ಯೂಟರುಗಳು ಪರಸ್ಪರ ಮಾತಾಡಲು ಪಡೆಯುವ ಟೋಕನ್ನಿಗೆ 6 ಗಂಟೆ. 1980ರ ದಶಕದಲ್ಲಿ ಅಮೆರಿಕದ ಎಂಐಟಿಯ ಅಥೀನಾ ಯೋಜನೆಯಲ್ಲಿ ಹುಟ್ಟಿದ ಕರ್ಬೆರೋಸ್ ಪದ್ಧತಿ ಇಂದಿಗೂ ಆಫೀಸುಗಳ ವಿಂಡೋಸ್ ಜಾಲದಲ್ಲಿ ಬದುಕಿದೆ. ಅಲ್ಲಿ ಬೆಳಿಗ್ಗೆ ಸಿಕ್ಕ ಟಿಕೆಟ್ 10 ಗಂಟೆ ನಡೆಯುತ್ತದೆ. ಒಂದು ಕೆಲಸದ ದಿನಕ್ಕೆ, ಊಟದ ಬಿಡುವೂ ಸೇರಿ, ಧಾರಾಳ. ಕಾರಣ ಇರುವ ಅಂಕಿಯನ್ನು ನೋಡಿದಾಗ ಅದರ ಹಿಂದೆ ಒಂದು ಮನುಷ್ಯನ ದಿನಚರಿ ಕಾಣುತ್ತದೆ.

ಕಾರಣವಿಲ್ಲದ ಅಂಕಿ ಏನು ಮಾಡಬಲ್ಲದು ಎಂದು ನಾನೇ ಕೈಸುಟ್ಟುಕೊಂಡು ಕಲಿತೆ. ಹಿಂದೊಮ್ಮೆ ಕೆಲಸ ಮಾಡುತ್ತಿದ್ದ ಕಡೆ ರಾತ್ರಿ ಹೊಸ ಆವೃತ್ತಿ ಹೊರಬಿಟ್ಟೆವು. ಹತ್ತೇ ನಿಮಿಷದಲ್ಲಿ ಫೋನುಗಳ ಸುರಿಮಳೆ: ಲಾಗಿನ್ ಆಗುತ್ತದೆ, ಮುಖಪುಟ ಕಾಣುತ್ತದೆ, ಏನಾದರೂ ಒತ್ತುವಷ್ಟರಲ್ಲಿ ಹೊರಗೆ. ನನ್ನ ಲ್ಯಾಪ್‌ಟಾಪಿನಲ್ಲಿ ಎಲ್ಲ ಸರಿಯಾಗಿತ್ತು. ನಡುರಾತ್ರಿಯವರೆಗೆ ಹುಡುಕಿದ ಮೇಲೆ ಸಿಕ್ಕಿತು. ಲ್ಯಾಪ್‌ಟಾಪಿನಲ್ಲಿ 3600 ಎಂಬುದು ಕೋಡಿನೊಳಗೆ ಸಂಖ್ಯೆಯಾಗಿತ್ತು. ಸರ್ವರಿನಲ್ಲಿ ಅದನ್ನು ಹೊರಗಿನ ಸೆಟ್ಟಿಂಗಿನಿಂದ ಓದುತ್ತಿದ್ದರಿಂದ ಅದು ಅಕ್ಷರವಾಗಿ ಬರುತ್ತಿತ್ತು. ನಾವು ಬಳಸುತ್ತಿದ್ದ ಲೈಬ್ರರಿಯ ಕೈಪಿಡಿಯಲ್ಲಿ ಸ್ಪಷ್ಟವಾಗಿಯೇ ಬರೆದಿತ್ತು: ಸಂಖ್ಯೆಯಾಗಿ ಕೊಟ್ಟರೆ ಸೆಕೆಂಡು, ಅಳತೆಯ ಹೆಸರಿಲ್ಲದೆ ಅಕ್ಷರವಾಗಿ ಕೊಟ್ಟರೆ ಮಿಲಿಸೆಕೆಂಡು. ನಮ್ಮ ಒಂದು ಗಂಟೆ ಸುಮಾರು ಮೂರೂವರೆ ಸೆಕೆಂಡಾಗಿತ್ತು. ಕೈಪಿಡಿ ಓದದಿದ್ದವನು ನಾನು. ಅಂದಿನಿಂದ ಬರೀ ಅಂಕಿ ಬರೆಯುವುದನ್ನು ಬಿಟ್ಟೆ. ‘60 ನಿಮಿಷ’ ಎಂದು ಅಳತೆಯನ್ನು ಸೇರಿಸಿಯೇ ಬರೆಯುತ್ತೇನೆ.

ಆ ತಪ್ಪು ಜೋರಾಗಿ ಕೂಗಿ ಹೇಳಿಕೊಂಡಿತು, ಸಿಕ್ಕಿಬಿತ್ತು. ಇದರ ತಿರುಗುಮುರುಗು ತಪ್ಪು ಸದ್ದೇ ಮಾಡುವುದಿಲ್ಲ. ಜೆಡಬ್ಲ್ಯುಟಿಯಲ್ಲಿ ಗಡುವನ್ನು 1970ರ ಜನವರಿ 1ರಿಂದ ಕಳೆದ ಸೆಕೆಂಡುಗಳಲ್ಲಿ ಬರೆಯಬೇಕು. ಜಾವಾಸ್ಕ್ರಿಪ್ಟ್ ಭಾಷೆಯಲ್ಲಿ ಈಗ ಸಮಯವೆಷ್ಟು ಎಂದು ಕೇಳಿದರೆ ಉತ್ತರ ಮಿಲಿಸೆಕೆಂಡಿನಲ್ಲಿ ಬರುತ್ತದೆ. ಅದನ್ನು ಸಾವಿರದಿಂದ ಭಾಗಿಸಲು ಮರೆತು ಹಾಗೇ ಗಡುವಾಗಿ ಬರೆದರೆ ಟೋಕನ್ನಿನ ಕೊನೆಯ ದಿನ ಐವತ್ತು ಸಾವಿರ ವರ್ಷಗಳಿಗೂ ಆಚೆ ಬೀಳುತ್ತದೆ. ಯಾರೂ ಹೊರಗೆ ಬೀಳುವುದಿಲ್ಲ, ಯಾರೂ ದೂರುವುದಿಲ್ಲ. ಪರೀಕ್ಷೆಗಳೆಲ್ಲ ಪಾಸು. ನಮ್ಮ ದೇಶದವರಿಗೇ ಮೀಸಲಾದ ಇನ್ನೊಂದು ತಪ್ಪು ಐದೂವರೆ ಗಂಟೆಯದು. ಲೆಕ್ಕವಿರುವುದು ಗ್ರೀನಿಚ್ ಸಮಯದಲ್ಲಿ. ಅಲ್ಲಿ 1970 ಹುಟ್ಟಿದಾಗ ನಮ್ಮಲ್ಲಿ ಬೆಳಗಿನ ಐದೂವರೆ. ಯಾರೋ ಸ್ಥಳೀಯ ಸಮಯವನ್ನೇ ಗ್ರೀನಿಚ್ ಎಂದು ಬರೆದರೆ ಒಂದು ಗಂಟೆಯ ಟೋಕನ್ ಆರೂವರೆ ಗಂಟೆ ಬದುಕುತ್ತದೆ. ಎರಡು ಸರ್ವರುಗಳ ಗಡಿಯಾರ ಸ್ವಲ್ಪ ಹಿಂದುಮುಂದಾಗುವುದು ಸಹಜ, ಅದಕ್ಕೆಂದು ಕರ್ಬೆರೋಸ್ ಕಾಲದಿಂದಲೂ ಐದು ನಿಮಿಷದ ರಿಯಾಯಿತಿ ಕೊಡುವ ರೂಢಿಯಿದೆ. ಐದು ನಿಮಿಷದ ಟೋಕನ್ನಿಗೆ ಐದು ನಿಮಿಷದ ರಿಯಾಯಿತಿ ಕೊಟ್ಟರೆ ಆಯುಸ್ಸು ಇಮ್ಮಡಿ ಎಂಬುದನ್ನು ಮಾತ್ರ ಮರೆಯಬಾರದು.

ಸದ್ದಿಲ್ಲದ ತಪ್ಪಿನ ದೊಡ್ಡ ಉದಾಹರಣೆ 2023ರಲ್ಲಿ ಹೊರಬಿತ್ತು. ಮೈಕ್ರೋಸಾಫ್ಟ್‌ನ ಕೃತಕ ಬುದ್ಧಿಮತ್ತೆ ಸಂಶೋಧಕರು ಗಿಟ್‌ಹಬ್‌ನಲ್ಲಿ ಒಂದಷ್ಟು ಫೈಲುಗಳನ್ನು ಸಾರ್ವಜನಿಕರಿಗೆ ಹಂಚಲು ಕೊಂಡಿಯೊಂದನ್ನು ಹಾಕಿದ್ದರು. ಕೊಂಡಿಯೊಳಗೇ ಟೋಕನ್ ಇತ್ತು. ಅದು ಆ ಫೈಲುಗಳಿಗಷ್ಟೇ ಅಲ್ಲದೆ ಇಡೀ ಉಗ್ರಾಣಕ್ಕೆ ಬಾಗಿಲು ತೆರೆಯುತ್ತಿತ್ತು: 38 ಟೆರಾಬೈಟ್, ಅದರಲ್ಲಿ ನೌಕರರ ಕಂಪ್ಯೂಟರುಗಳ ಪ್ರತಿಗಳು, ಪಾಸ್‌ವರ್ಡುಗಳು, ಒಳಗಿನ ಮೂವತ್ತು ಸಾವಿರಕ್ಕೂ ಹೆಚ್ಚು ಸಂದೇಶಗಳು. ವಿಜ್ ಎಂಬ ಭದ್ರತಾ ಸಂಸ್ಥೆ ಇದನ್ನು ಪತ್ತೆಮಾಡಿ ಜೂನಿನಲ್ಲಿ ತಿಳಿಸಿತು. ನನ್ನ ಕಣ್ಣು ನಿಂತದ್ದು ಒಂದು ವಿವರದ ಮೇಲೆ. 2020ರಲ್ಲಿ ಹಾಕಿದ ಆ ಟೋಕನ್ನಿಗೆ ಮೊದಲು 2021ರ ಅಕ್ಟೋಬರಿನ ಗಡುವಿತ್ತು. ಗಡುವು ಬಂದಾಗ ಯಾರೋ ಅದನ್ನು ಮುಂದೂಡಿದರು, 2051ಕ್ಕೆ. ಮೂವತ್ತು ವರ್ಷ! ಮೊದಲ ಗಡುವು ತನ್ನ ಕೆಲಸ ಮಾಡಿತ್ತು. ‘ಇದು ಇನ್ನೂ ಬೇಕೇ?’ ಎಂದು ಕೇಳಿತ್ತು. ಆ ಪ್ರಶ್ನೆಗೆ ಉತ್ತರಿಸುವ ಬದಲು ಪ್ರಶ್ನೆ ಮತ್ತೆಂದೂ ಬಾರದಂತೆ ಮಾಡಲಾಯಿತು.

2023ರ ಕೊನೆಯಲ್ಲೇ ಇನ್ನೊಂದು. ಬೇರೆ ಕಂಪನಿಗಳ ಲಾಗಿನ್ ನೋಡಿಕೊಳ್ಳುವುದೇ ಉದ್ಯೋಗವಾದ ಆಕ್ಟಾ ಸಂಸ್ಥೆಯ ಗ್ರಾಹಕ ಸಹಾಯ ವಿಭಾಗಕ್ಕೆ ಕಳ್ಳರು ನುಗ್ಗಿದರು. ದೋಷ ಪತ್ತೆಗೆಂದು ಗ್ರಾಹಕರು ಕಳಿಸಿದ್ದ ಕಡತಗಳಲ್ಲಿ ಇನ್ನೂ ಜೀವವಿದ್ದ ಟೋಕನ್ನುಗಳಿದ್ದವು. ಅದರ ಬಿಸಿ ತಟ್ಟಿದ ಇಂಟರ್ನೆಟ್ ಕಂಪನಿ ಕ್ಲೌಡ್‌ಫ್ಲೇರ್ ಸಾವಿರಾರು ಗುಪ್ತ ಗುರುತುಗಳನ್ನು ಬದಲಾಯಿಸಬೇಕಿತ್ತು. ಒಂದು ಟೋಕನ್ ಮತ್ತು ಮೂರು ಖಾತೆಗಳು ಬಳಕೆಯಲ್ಲಿಲ್ಲ ಎಂದುಕೊಂಡು ಬಿಟ್ಟುಬಿಟ್ಟಿತು. ನವೆಂಬರಿನಲ್ಲಿ ಕಳ್ಳರು ಆ ನಾಲ್ಕನ್ನೇ ಹಿಡಿದು ಒಳಬಂದರು. ಕಂಪನಿ ಇದನ್ನು ಮುಚ್ಚಿಡದೆ ತಾನೇ ವಿವರವಾಗಿ ಬರೆದು ಪ್ರಕಟಿಸಿತು. ಆ ಪ್ರಾಮಾಣಿಕತೆಗೆ ನನ್ನ ಗೌರವವಿದೆ. ತಮ್ಮಷ್ಟಕ್ಕೆ ಸಾಯುವ ಟೋಕನ್ನುಗಳಾಗಿದ್ದರೆ ಯಾರ ಮರೆವೂ ಅಷ್ಟು ದುಬಾರಿಯಾಗುತ್ತಿರಲಿಲ್ಲ.

ಇಷ್ಟನ್ನು ಓದಿದವರು ‘ಹಾಗಾದರೆ ಎಲ್ಲವನ್ನೂ ಐದು ನಿಮಿಷಕ್ಕೆ ಇಳಿಸಿಬಿಡಿ’ ಎನ್ನಬಹುದು. ನಾನೂ ಒಂದು ಕಾಲಕ್ಕೆ ಹಾಗೇ ಅನ್ನುತ್ತಿದ್ದೆ. ಹಾಸನ ಜಿಲ್ಲೆಯ ನಮ್ಮೂರಿನ ಹತ್ತಿರದ ಪೇಟೆಯಲ್ಲಿ ಒಂದು ಮಧ್ಯಾಹ್ನ ಕಳೆದ ಮೇಲೆ ಬಿಟ್ಟೆ.

ಜೆರಾಕ್ಸ್ ಮಾಡಿಸಲು ಸೈಬರ್ ಸೆಂಟರಿಗೆ ಹೋಗಿದ್ದೆ. ಒಬ್ಬ ರೈತರು ಮಗಳ ವಿದ್ಯಾರ್ಥಿವೇತನದ ಅರ್ಜಿ ತುಂಬಿಸಲು ಬಂದಿದ್ದರು. ಪ್ಲಾಸ್ಟಿಕ್ ಕವರಿನಲ್ಲಿ ಜಾತಿ, ಆದಾಯದ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಬುಕ್ಕು, ಅಂಕಪಟ್ಟಿ. ಸೆಂಟರಿನ ಹುಡುಗ ಪ್ರಮಾಣಪತ್ರಗಳ ಆರ್‌ಡಿ ನಂಬರು ಓದಿಸಿಕೊಂಡು ಒಂದೊಂದೇ ಅಂಕಿ ಒತ್ತುತ್ತಿದ್ದ. ನಡುವೆ ಮನೆಗೆ ಫೋನು, ಮಗಳ ರಿಜಿಸ್ಟರ್ ನಂಬರು ಕೇಳಲು. ಕೊನೆಗೆ ‘ಸಲ್ಲಿಸಿ’ ಒತ್ತಿದಾಗ ಪರದೆಯ ಮೇಲೆ ‘ಸೆಷನ್ ಎಕ್ಸ್‌ಪೈರ್ಡ್’. ತುಂಬಿದ್ದೆಲ್ಲ ಮಾಯ.

‘ಮತ್ತೆ ಆಚೆ ತಳ್ತು ನೋಡಿ ಯಜಮಾನ್ರೇ. ಇದು ಮೂರ್ನೇ ಸಲ,’ ಎಂದ ಹುಡುಗ.

‘ನಾನೇನಾರ ತಪ್ಪು ಹೇಳ್ಬುಟ್ನೇನಪ್ಪ?’ ಎಂದರು ಆತ. ಐದೂವರೆಯ ಬಸ್ಸು ತಪ್ಪಿದರೆ ಅವರಿಗೆ ಊರಿಗೆ ಬೇರೆ ದಾರಿ ಇರಲಿಲ್ಲ.

ತಪ್ಪು ನನ್ನಂಥವರದು. ನಡೆದದ್ದೇನೆಂದು ನನಗೆ ಅಲ್ಲೇ ಅರ್ಥವಾಗಿತ್ತು. ಅರ್ಜಿ ತುಂಬುವಾಗ ಅಕ್ಷರಗಳೆಲ್ಲ ಅದೇ ಕಂಪ್ಯೂಟರಿನಲ್ಲಿ ಕೂಡುತ್ತಿರುತ್ತವೆ. ‘ಸಲ್ಲಿಸಿ’ ಒತ್ತುವವರೆಗೆ ಸರ್ವರಿಗೆ ಏನೂ ಹೋಗುವುದಿಲ್ಲ. ಇತ್ತ ಮೂರು ಜನ ಬೆವರು ಸುರಿಸಿ ದುಡಿಯುತ್ತಿದ್ದರೆ ಅತ್ತ ಸರ್ವರ್ ‘ಯಾರೂ ಇಲ್ಲ, ಎದ್ದು ಹೋಗಿದ್ದಾರೆ’ ಎಂದು ಬಾಗಿಲು ಹಾಕುತ್ತದೆ. ಬೆಂಗಳೂರಿನಲ್ಲಿ ವೇಗದ ಲೈನಿನಲ್ಲಿ ಕೂತು, ಪರೀಕ್ಷೆಗೆಂದು ಎರಡೇ ನಿಮಿಷದಲ್ಲಿ ಸುಳ್ಳು ಹೆಸರು ತುಂಬಿ ಸಲ್ಲಿಸಿದವರಿಗೆ ಇದು ಎಂದೂ ಕಂಡಿರುವುದಿಲ್ಲ.

ಇದಕ್ಕೆ ಮದ್ದಿಲ್ಲದೆ ಇಲ್ಲ. ಜಾಲತಾಣಗಳು ಎಲ್ಲರಿಗೂ ಎಟುಕುವಂತಿರಬೇಕು ಎಂದು 2008ರ ಡಿಸೆಂಬರಿನಲ್ಲೇ ಹೊರಬಂದ ಡಬ್ಲ್ಯುಸಿಎಜಿ 2.0 ನಿಯಮಾವಳಿ ಗಡುವಿನ ಬಗ್ಗೆ ಸ್ಪಷ್ಟವಾಗಿದೆ. ಅದು ಸೂಚಿಸುವ ದಾರಿಗಳಲ್ಲಿ ಒಂದು ಹೀಗಿದೆ: ಸಮಯ ಮುಗಿಯುವ ಮುನ್ನ ಎಚ್ಚರಿಸಿ, ಒಂದು ಗುಂಡಿ ಒತ್ತಿ ಮುಂದುವರಿಸಲು ಕನಿಷ್ಠ 20 ಸೆಕೆಂಡು ಕೊಡಿ, ಹಾಗೆ ಕನಿಷ್ಠ ಹತ್ತು ಸಲ ಮುಂದುವರಿಸಲು ಬಿಡಿ. ತುಂಬಿದ್ದನ್ನು ಆಗಾಗ ಕರಡಾಗಿ ಉಳಿಸಿಟ್ಟುಕೊಂಡರೆ ಹೊರಬಿದ್ದು ಮತ್ತೆ ಒಳಬಂದವರಿಗೆ ಅದೇ ಜಾಗ ಸಿಗುತ್ತದೆ. ಅಮೆರಿಕದ ಎನ್‌ಐಎಸ್‌ಟಿ ಎಂಬ ಮಾನದಂಡ ಸಂಸ್ಥೆ 2017ರಲ್ಲಿ ಕೊಟ್ಟ ಮಾರ್ಗಸೂಚಿ ಕೂಡ ಒಂದೇ ಅಳತೆಯನ್ನು ಎಲ್ಲರ ಮೇಲೆ ಹೇರಲಿಲ್ಲ: ಕಡಿಮೆ ಅಪಾಯದ ಕಡೆ 30 ದಿನಕ್ಕೊಮ್ಮೆ ಲಾಗಿನ್ ಸಾಕು, ನಡುವಣ ಹಂತದಲ್ಲಿ 12 ಗಂಟೆಗೊಮ್ಮೆ ಅಥವಾ 30 ನಿಮಿಷ ಸುಮ್ಮನಿದ್ದರೆ, ಅತಿ ಬಿಗಿಯ ಕಡೆ 15 ನಿಮಿಷ ಸುಮ್ಮನಿದ್ದರೂ ಮತ್ತೆ ಲಾಗಿನ್ ಆಗಬೇಕು. ವಿದ್ಯಾರ್ಥಿವೇತನದ ಅರ್ಜಿಗೆ ಖಜಾನೆಯ ಬೀಗ ಯಾಕೆ?

ಫೋನಿನ ಆಪ್‌ಗಳಲ್ಲಿ ಇದನ್ನು ಎರಡು ಟೋಕನ್ನುಗಳಿಂದ ಸರಿದೂಗಿಸುತ್ತಾರೆ. ದಿನನಿತ್ಯ ತೋರಿಸಲು ಅಲ್ಪಾಯುಷಿ ಆಕ್ಸೆಸ್ ಟೋಕನ್. ಅದು ಸತ್ತಾಗ ಸದ್ದಿಲ್ಲದೆ ಹೊಸದನ್ನು ತರಲು ದೀರ್ಘಾಯುಷಿ ರಿಫ್ರೆಶ್ ಟೋಕನ್. ಎರಡನೆಯದನ್ನು ಕೊಟ್ಟ ಸರ್ವರಿಗೆ ಮಾತ್ರ ತೋರಿಸುವುದರಿಂದ ಅದು ಹಿತ್ತಾಳೆ ಬಿಲ್ಲೆಯಂತೆ ಪುಸ್ತಕದಲ್ಲಿರುತ್ತದೆ, ಬೇಕೆಂದಾಗ ಹೊಡೆದುಹಾಕಬಹುದು. ಒಮ್ಮೆ ಬಳಸಿದ ರಿಫ್ರೆಶ್ ಟೋಕನ್ ಮತ್ತೆ ನಡೆಯದಂತೆ, ಪ್ರತಿ ಸಲ ಹೊಸದನ್ನೇ ಕೊಡುವುದು ಈಗಿನ ಒಳ್ಳೆಯ ಪದ್ಧತಿ. ಹಳೆಯದು ಮತ್ತೆ ಕಾಣಿಸಿಕೊಂಡರೆ ಎಲ್ಲೋ ಕಳವಾಗಿದೆ ಎಂದೇ ಅರ್ಥ. ಇಡೀ ಸರಪಳಿಯನ್ನೇ ರದ್ದು ಮಾಡುತ್ತಾರೆ. ಆದರೆ ಬೆಂಗಳೂರಿನಿಂದ ಮಂಗಳೂರಿಗೆ ಹೋಗುವ ರೈಲು ಸಕಲೇಶಪುರ ದಾಟಿ ಸುಬ್ರಹ್ಮಣ್ಯದ ಕಡೆ ಇಳಿಯುವಾಗಿನ ಸುರಂಗಗಳನ್ನು ನೆನೆಯಿರಿ. ಫೋನು ಹೊಸ ಟೋಕನ್ ಕೇಳಿತು, ಸರ್ವರ್ ಕೊಟ್ಟಿತು, ಅಷ್ಟರಲ್ಲಿ ಸುರಂಗ ಬಂದು ಉತ್ತರ ತಲುಪಲಿಲ್ಲ. ಹೊರಬಂದ ಮೇಲೆ ಪಾಪದ ಫೋನು ಹಳೆಯದನ್ನೇ ತೋರಿಸುತ್ತದೆ. ಸರ್ವರಿನ ಕಣ್ಣಿಗೆ ಅದು ಕಳ್ಳ. ಇಂಥವರಿಗೆಂದೇ ಹಳೆಯದನ್ನು ಕೆಲವು ಸೆಕೆಂಡು ಬದುಕಲು ಬಿಡಬೇಕು. ಎಷ್ಟು ಸೆಕೆಂಡು? ಅದೂ ಒಂದು ಅಂಕಿ, ಅದಕ್ಕೂ ಯಾರಾದರೂ ಕಾರಣ ಬರೆಯಬೇಕು.

ನನ್ನ ತಂಡದಲ್ಲಿ ಈಗ ಅಂಕಿ ಬರೆಯುವ ಮುನ್ನ ಇಬ್ಬರನ್ನು ಎದುರಿಗೆ ಕೂರಿಸಿಕೊಂಡಂತೆ ಮಾತಾಡುತ್ತೇವೆ. ಒಬ್ಬಾಕೆ ಮೆಜೆಸ್ಟಿಕ್ಕಿನ ನೂಕಾಟದಲ್ಲಿ ಫೋನು ಕಳೆದುಕೊಂಡವಳು: ಕದ್ದವನು ಅವಳ ಹೆಸರಿನಲ್ಲಿ ಎಷ್ಟು ನಿಮಿಷ ಏನೇನು ಮಾಡಬಲ್ಲ? ಇನ್ನೊಬ್ಬರು ಪ್ಲಾಸ್ಟಿಕ್ ಕವರು ಹಿಡಿದು ಕೂತ ಆ ರೈತರು. ಹಣ ಕಳಿಸುವಂಥ ಕೆಲಸಕ್ಕೆ ಟೋಕನ್ ಎಷ್ಟೇ ತಾಜಾ ಇದ್ದರೂ ಮತ್ತೊಮ್ಮೆ ಪಿನ್ ಕೇಳುತ್ತೇವೆ. ಅರ್ಜಿ ತುಂಬುವ ಕಡೆ ಕೈ ಸಡಿಲ ಬಿಡುತ್ತೇವೆ. ಅಂಕಿಯ ಪಕ್ಕ ಕಾರಣ, ಬರೆದವರ ಹೆಸರು, ಮತ್ತೆ ಪರಿಶೀಲಿಸುವ ದಿನಾಂಕ ಇರಲೇಬೇಕು. ಇವಿಲ್ಲದ ಕೋಡನ್ನು ನಾನು ಒಪ್ಪುವುದಿಲ್ಲ.

ಸಾಫ್ಟ್‌ವೇರ್ ಕೆಲಸದಲ್ಲಿರುವ ಓದುಗರಲ್ಲಿ ನನ್ನದೊಂದು ಕೋರಿಕೆ: ನಾಳೆಯೇ ನಿಮ್ಮ ಕಾನ್ಫಿಗ್ ಫೈಲು ತೆರೆದು ಆ ಸಾಲನ್ನು ಹುಡುಕಿ, ಕಾರಣ ಗೊತ್ತಿಲ್ಲದಿದ್ದರೆ ತಂಡವನ್ನು ಕೂರಿಸಿ ಕೇಳಿ. ಉಳಿದವರು ಇವತ್ತೇ ವಾಟ್ಸ್‌ಆ್ಯಪ್‌ನಲ್ಲಿ ‘ಲಿಂಕ್ಡ್ ಡಿವೈಸಸ್’ ಎಂಬಲ್ಲಿಗೂ, ಗೂಗಲ್ ಖಾತೆಯಲ್ಲಿ ನಿಮ್ಮ ಸಾಧನಗಳ ಪಟ್ಟಿಗೂ ಹೋಗಿ ನೋಡಿ. ಮಾರಿದ ಹಳೆಯ ಫೋನು, ಬಿಟ್ಟ ಆಫೀಸಿನ ಕಂಪ್ಯೂಟರು, ಎಂದೋ ಹೋಗಿದ್ದ ಸೈಬರ್ ಸೆಂಟರು ಅಲ್ಲಿ ಇನ್ನೂ ನಿಮ್ಮ ಹೆಸರಿನಲ್ಲಿ ಒಳಗೆ ಕೂತಿರಬಹುದು. ಗುರುತು ಸಿಗದ ಪ್ರತಿಯೊಂದನ್ನೂ ಲಾಗೌಟ್ ಮಾಡಿ.